ಅಕ್ಕೋರು ತಪ್ಪು ಜಾಗದಲ್ಲಿ ಬರೆದ ಬಾವಿ

ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂಟಿ ಕಾಲಿನಲ್ಲಿ ಕುಂಟುತ್ತಾ ಪಾಠ ಹೇಳುವ ಅಕ್ಕೋರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಮ್ಮಡಿಗೆ ಸದಾ ರಂಗೋಲಿ ಪುಡಿ ಮೆತ್ತಿರುತ್ತಿತ್ತು. ನಮ್ಮ ಶೆಡ್ಡುಗಳ ಹೆಂಗಸರು ಅವರಿಗೆ 'ಕುಂಟಾಟದ ಅಕ್ಕೋರು' ಎಂದೇ ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು. "ಕರೀರಿ, ಏನರ ಕರೀರಿ. ನಿಮ್ಮ ಹುಡುಗ್ರು ಓದಿದ್ರ ಸಾಕು" ಎಂದು ನಕ್ಕರು.

ಹೊಳೆ ಊರೊಳಗೆ ಬಂದ ಮೇಲೆ ನಮ್ಮನ್ನೆಲ್ಲ ಗಂಗಾವತಿ ರಸ್ತೆಯ ಪಕ್ಕದ ತಗಡಿನ ಶೆಡ್ಡುಗಳಿಗೆ ತಂದು ಇಳಿಸಿದ್ದರು. ನನ್ನ ಮೊಮ್ಮಗಳು ರೇಣವ್ವನಿಗೆ ಆಗ ಎಂಟು ವರ್ಷ. ಅಲ್ಲಿಗೆ ಬಂದ ದಿನವೇ ಅವಳ ಮಾತು ನಿಂತಿತು. ಹತ್ತಿರದ ಸಾಲೆಗೆ ಕಳಿಸಿದರೆ ಅರ್ಧ ದಾರಿಯಿಂದ ಓಡಿ ಬರುತ್ತಿದ್ದಳು. ಕಲಿತಿದ್ದ ನಾಲ್ಕಕ್ಷರವೂ ಮರೆತಿತ್ತು. ಕಡೆಗೆ ಸೊಸೆ, "ಸಾಲಿಗೆ ಹೋಗಂಗಿಲ್ಲಂದ್ರ ಸೋಮವಾರದಿಂದ ನನ್ನ ಕೂಡ ಭತ್ತದ ನಾಟಿಗೆ ಬರಲಿ" ಎಂದಳು. ನಾನೂ ಎರಡನೆಯ ಇಯತ್ತೆಗೆ ಸಾಲೆ ಬಿಟ್ಟು ಅದೇ ಕೆಸರಿಗೆ ಇಳಿದವಳು. ಬೇಡ ಅನ್ನಬೇಕು ಅನ್ನಿಸಿತು.

ಸಾಲೆ ತಪ್ಪಿದ ಮಕ್ಕಳಿಗೆ ಕಲಿಸಲು ಅಕ್ಕೋರು ಮಧ್ಯಾಹ್ನ ಶೆಡ್ಡುಗಳಿಗೇ ಬರುತ್ತಿದ್ದರು. ಕೈಯಲ್ಲಿ ಪುಸ್ತಕವಿಲ್ಲ, ಬೆತ್ತವಿಲ್ಲ, ಪುಡಿಯ ಬಟ್ಟಲು ಒಂದೇ. ಮಕ್ಕಳನ್ನು ಕೇಳಿ ಕೇಳಿ ನಮ್ಮ ಹಳೆಯ ಊರನ್ನೇ ನೆಲದ ಮೇಲೆ ಬರೆಯುವರು. ಓಣಿ, ಗುಡಿ, ಮಸೀದಿ, ಮನೆಗೊಂದು ಚೌಕ. ಚೌಕದೊಳಗೆ ಆ ಮನೆಯವರ ಹೆಸರು. ಹೆಸರು ಓದಿದವರು ಆ ಮನೆಗೆ ಜಿಗಿಯಬೇಕು. ಓದಲು ಬರದಿದ್ದರೆ ಇನ್ನೊಬ್ಬರು ಹೇಳಿಕೊಡುವ ತನಕ ಒಂಟಿಗಾಲಲ್ಲೇ ನಿಲ್ಲಬೇಕು. ರೇಣವ್ವ ಬಾಗಿಲಿಗೆ ಆತು ನೋಡುತ್ತಿದ್ದಳು, ಅಷ್ಟೆ.

ಆ ಶನಿವಾರ ಅಕ್ಕೋರು ಮಸೀದಿಯ ಪಕ್ಕ ಒಂದು ಸುತ್ತು ಎಳೆದು 'ಬಾವಿ' ಎಂದು ಬರೆದರು.

"ಬಾವಿ ಅಲ್ಲಿ ಇರಲಿಲ್ರಿ."

ತಿರುಗಿ ನೋಡಿದೆ. ರೇಣವ್ವ. ತಿಂಗಳುಗಟ್ಟಲೆ ಕೇಳದ ಧ್ವನಿ.

ಅಕ್ಕೋರು ಏನೂ ಆಗದವರಂತೆ ಬಟ್ಟಲು ಚಾಚಿದರು. "ನಾನೇನು ನಿಮ್ಮೂರು ನೋಡೀನೇನವಾ? ಎಲ್ಲಿತ್ತು, ನೀನ ಬರಿ."

"ನಮ್ಮ ಮನಿ ಹಿಂದ ಇತ್ತು. ನನಗ ಬರಿಯಾಕ ಬರಂಗಿಲ್ಲ."

"ನಾ ಬರದದ್ದು ಐತೆಲ್ಲ, ನೋಡ್ಕೊಂತ ಬರಿ. ತಪ್ಪಿದ್ರ ತಪ್ಪಲಿ. ನಾ ತಪ್ಪಿಲ್ಲೇನು?"

ಅವಳು ಕೂತು ಬರೆದಳು. ಅಷ್ಟರಲ್ಲಿ ಊರಲ್ಲೂ ನಮ್ಮ ನೆರೆಯವಳಾಗಿದ್ದ ಖಾಸೀಂಬಿ ಎದ್ದು ಬಂದಳು. "ನಿಮ್ಮ ಮನಿ ಹಿಂದ ಎಲ್ಲೈತಿ ಹುಡುಗಿ? ಬಾವಿ ನಮ್ಮ ಮನಿ ಮುಂದ ಇತ್ತು."

ನಾನು ಬಿಡಲಿಲ್ಲ. "ನಿನಗ ಹಿಂದ ಮುಂದ ಯಾವಾಗ ತಿಳಿದಿತ್ತವಾ?"

"ಎರಡೂ ಒಂದ ಐತಿ ಆಯಿ," ಎಂದಳು ರೇಣವ್ವ, "ನಮಗ ಹಿಂದ, ಅವರಿಗೆ ಮುಂದ." ಎಲ್ಲರೂ ನಕ್ಕರು. ಅವಳೂ ನಕ್ಕಳು.

ಬಾಗಿಲಲ್ಲಿ ನಿಂತು ನೋಡಿ ನೋಡಿಯೇ ಕಲಿತಿದ್ದಳೋ ಏನೋ, ಭಾನುವಾರ ಅವಳು ಎಂಟು ಮನೆಗಳ ಹೆಸರು ಓದಿ ಜಿಗಿದದ್ದನ್ನು ಸೊಸೆ ನಿಂತು ನೋಡಿದಳು. ಸೋಮವಾರ ಒಬ್ಬಳೇ ನಾಟಿಗೆ ಹೋದಳು.

ಆಮೇಲೊಮ್ಮೆ ನಾನು ಕೇಳಿದೆ, "ಅಕ್ಕೋರ, ಬಾವಿ ಖರೇನ ತಪ್ಪಿತ್ತೋ, ಬೇಕಂತ ತಪ್ಪಿಸಿದ್ರೋ?"

"ಅವತ್ತು ಖರೇನ ತಪ್ಪಿತ್ತು ಆಯಿ. ಅವತ್ತಿನಿಂದ ಬೇಕಂತ ದಿನಕ್ಕೊಂದು ತಪ್ಪು ಮಾಡಾಕ ಹತ್ತೀನಿ."

ತಿಂಗಳೊಪ್ಪತ್ತಿನಲ್ಲಿ ರೇಣವ್ವ ಸಾಲೆಗೆ ಹೊರಟಳು. ಗೇಟಿನವರೆಗೆ ಅಕ್ಕೋರೂ ಬಂದರು, ಒಳಗೆ ಬರಲಿಲ್ಲ. "ನಾ ಬಂದ್ರ ನನ್ನ ಕೈ ಹಿಡ್ಕೊಂತಾಳ. ಒಬ್ಬಾಕಿ ಹೋಗಲಿ." ಅವಳು ಹೋದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಅಲ್ಲೇ ಅಕ್ಕೋರ ಕಾಲಿಗೆ ಬಗ್ಗಿದೆ. ಮಗಳ ವಯಸ್ಸಿನವರು, ಗಾಬರಿಯಾಗಿ ನನ್ನ ತೋಳು ಹಿಡಿದೆತ್ತಿದರು.

ಈಗ ಅವರು ಕುಷ್ಟಗಿ ಕಡೆ, ನಮ್ಮಂತೆಯೇ ಊರು ಬಿಟ್ಟು ಬಂದವರ ಮಕ್ಕಳ ಜೊತೆ ಇದ್ದಾರಂತೆ. ರೇಣವ್ವ ಐದನೆಯ ಇಯತ್ತೆ. ಇಷ್ಟು ಬರೆಯುವಷ್ಟರಲ್ಲಿ ನಾನು ಎಷ್ಟು ಕಡೆ ಒತ್ತಕ್ಷರ ತಪ್ಪಿದೆನೋ, ಎಲ್ಲವನ್ನೂ ಪಕ್ಕದಲ್ಲಿ ಕೂತು ಅವಳೇ ತಿದ್ದಿದ್ದಾಳೆ. ಒಂದು ಸಲವೂ ಬೈಯಲಿಲ್ಲ. ನಾನು ಬೈಯದೆ ಯಾರಿಗೂ ಏನನ್ನೂ ಕಲಿಸಿದವಳಲ್ಲ. ಅದನ್ನು ಅವಳು ಯಾರಿಂದ ಕಲಿತಳು ಎಂಬುದು ನನಗೆ ಗೊತ್ತು.