ಬೇಳೆ ಬೇಯುವ ನೀರು

ಎಂಎಸ್ಸಿ ರಸಾಯನಶಾಸ್ತ್ರದ ಕೊನೆಯ ವರ್ಷ ವಿಶ್ವವಿದ್ಯಾಲಯದವರು ನಮ್ಮನ್ನು ಆರು ವಾರ ತ್ಯಾವಣಿಗೆ ಹತ್ತಿರದ ಒಂದು ಹಳ್ಳಿಗೆ ಕಳಿಸಿದರು. ಊರಿನ ಬೋರ್‌ವೆಲ್‌ಗಳಲ್ಲಿ ಯಾವುದರ ನೀರು ಎಷ್ಟು ಗಡಸು ಎಂದು ಪರೀಕ್ಷಿಸಿ ಊರವರಿಗೆ ತಿಳಿಸಬೇಕಿತ್ತು. ಕಲಿಸುವುದಕ್ಕೆ ಹೋಗುತ್ತಿದ್ದೇವೆ ಎಂದೇ ನಾನು ತಿಳಿದಿದ್ದೆ.

ನೀರಿನ ಬಾಟಲಿಗಳನ್ನು ಇಟ್ಟು ಪರೀಕ್ಷಿಸಲು ಶಾಲೆಯ ವರಾಂಡದಲ್ಲಿ ಜಾಗ ಸಿಕ್ಕಿತು. ಅಲ್ಲಿ ಬಿಸಿಯೂಟ ಮಾಡುತ್ತಿದ್ದ ಅಕ್ಕ ಹೆಚ್ಚು ಮಾತಾಡುತ್ತಿರಲಿಲ್ಲ. ಮಧ್ಯಾಹ್ನ ಕರೆದು ಅನ್ನ ಸಾರು ಬಡಿಸುತ್ತಿದ್ದರು, ಅಷ್ಟೆ.

ಮೂರನೇ ವಾರ ನಾನು ಫಲಿತಾಂಶದ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದೆ. ಗುಡಿ ಮುಂದಿನ ಬೋರಿನ ನೀರು ಎಲ್ಲಕ್ಕಿಂತ ಮೆದು, ಶಾಲೆಯದು ಎಲ್ಲಕ್ಕಿಂತ ಗಡಸು ಎಂದಿತ್ತು. ಅಕ್ಕ ಸೌಟು ಹಿಡಿದೇ ಬಂದು ಓದಿದರು.

“ಇದು ತಿರುಗುಮುರುಗು ಆಗೈತವ್ವ. ಗುಡಿ ಬೋರಿನ ನೀರಾಗೆ ತೊಗರಿಬೇಳೆ ಬೇಯಾಕೆ ತಾಸು ಬೇಕು. ನಮ್ದು ಹಂಗಲ್ಲ, ಬೇಗ ಕರಗ್ತೈತೆ.”

ಪರೀಕ್ಷೆಯ ಲೆಕ್ಕ ತಪ್ಪುವುದಿಲ್ಲ ಎಂದು ನಾನು ನಕ್ಕೆ. ಅವರು ವಾದ ಮಾಡಲಿಲ್ಲ. ಮರುದಿನ ಎರಡು ಪಾತ್ರೆಗಳಲ್ಲಿ ಒಂದೇ ಅಳತೆಯ ಬೇಳೆ ಹಾಕಿ, ಎರಡೂ ಬೋರಿನ ನೀರು ಬೇರೆ ಬೇರೆ ಹುಯ್ದು, ನನ್ನನ್ನು ಒಲೆ ಮುಂದೆ ಕೂರಿಸಿದರು. ಅರ್ಧ ತಾಸಿಗೆ ಶಾಲೆಯ ನೀರಿನ ಬೇಳೆ ನುಣ್ಣಗಾಗಿತ್ತು. ಇನ್ನೊಂದನ್ನು ಬೆರಳಲ್ಲಿ ಹಿಸುಕಿ ನೋಡಿದೆ, ಬೇಳೆ ಇನ್ನೂ ಗಟ್ಟಿಯಾಗಿತ್ತು; ಗಡಸು ನೀರಲ್ಲಿ ಹಾಗೇ ಆಗುವುದು.

ಹೊಸದಾಗಿ ನೀರು ತುಂಬಿಸಿ ಮತ್ತೆ ಪರೀಕ್ಷಿಸಿದಾಗ ಗೊತ್ತಾಯಿತು: ಮೊದಲ ದಿನದ ಅವಸರದಲ್ಲಿ ಎರಡು ಬಾಟಲಿಗಳ ಚೀಟಿಯನ್ನು ನಾನೇ ಅದಲುಬದಲು ಅಂಟಿಸಿದ್ದೆ. ಸದ್ದಿಲ್ಲದೆ ಪಟ್ಟಿ ಬದಲಿಸಿಬಿಡೋಣ ಅನ್ನಿಸಿತು. ನಮ್ಮ ಜೊತೆ ಬಂದಿದ್ದ ವಿಶ್ವವಿದ್ಯಾಲಯದ ಮೇಷ್ಟ್ರು ಒಪ್ಪಲಿಲ್ಲ, ಊರವರ ಮುಂದೆಯೇ ಹೇಳು ಎಂದರು.

ಅದೇ ವಾರ ಊರಿನ ಸಭೆಯಲ್ಲಿ ಎದ್ದು ನಿಂತೆ. ತಪ್ಪು ನನ್ನದು, ಕಂಡುಹಿಡಿದವರು ಅಕ್ಕ ಎಂದು ಹೇಳಿದೆ. ಹಿರಿಯರೊಬ್ಬರು, “ತಪ್ಪಾಗೈತೆ ಅಂತ ಹೇಳಾಕೆ ನೀವೇ ಬಂದ್ರಲ್ಲ, ಇನ್ನು ನಿಮ್ಮ ಪಟ್ಟಿ ನಂಬ್ತೀವಿ ಬಿಡ್ರಿ” ಎಂದರು. ಮರುದಿನದಿಂದ ಜನ ತಮ್ಮ ತೋಟದ ಬೋರಿನ ನೀರನ್ನೂ ತಂದುಕೊಡತೊಡಗಿದರು.

ವರದಿಯಲ್ಲಿ ಅಕ್ಕನ ಹೆಸರನ್ನು ನಮ್ಮ ಹೆಸರುಗಳ ಜೊತೆಗೇ ಹಾಕಿದೆವು. ಈಗ ನಾನೂ ಮೇಷ್ಟ್ರ ಕೆಲಸದಲ್ಲಿದ್ದೇನೆ. ಹೊನ್ನಾಳಿ, ಜಗಳೂರು ಕಡೆಯ ಹಳ್ಳಿಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ, ಮೊದಲ ವಾರ ಯಾವ ಪರೀಕ್ಷೆಯೂ ಬೇಡ, ಊರವರ ಜೊತೆ ಕೂತು ಕೇಳಿ ಎನ್ನುತ್ತೇನೆ. ಆ ಪಾಠವನ್ನು ನನಗೆ ನೋಯಿಸದೆ ಕಲಿಸಿದವರು ಅಕ್ಕ.