ಆಯಿಯ ಮುಖ ಹುಡುಕಿದ ಸಾಫ್ಟ್‌ವೇರ್

ನಮ್ಮ ಮನೆಯ ಫೋಟೋಗಳು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಯಾಕಿರಬೇಕು ಎಂದು ವಾದ ಹೂಡಿದವಳು ನಾನೇ. ಚರ್ಚಾಸ್ಪರ್ಧೆಯ ಚಟ. ಗೆದ್ದ ಮೇಲೆ ಕೆಲಸವೂ ನನ್ನ ತಲೆಗೇ ಬಂತು. ಬೆಟಗೇರಿಯ ಮನೆಯ ಹಳೇ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಿಸಿ, ಫೋಟೋ ಅಲ್ಲೇ ಇಟ್ಟುಕೊಳ್ಳುವ ಎರಡು ಸಾಫ್ಟ್‌ವೇರ್ ಆರಿಸಿಟ್ಟೆ. ಒಂದು ಹಗುರ: ತಾರೀಖಿನ ಪ್ರಕಾರ ಜೋಡಿಸುತ್ತದೆ, ಅಷ್ಟೇ. ಇನ್ನೊಂದು ಭಾರಿ: ಮುಖ ಗುರುತಿಸುತ್ತದಂತೆ. ಈ ‘ಅಂತೆ’ ಕೇಳಿದರೇ ನನಗೆ ಮೈ ಉರಿಯುತ್ತದೆ. ಹಗುರದ್ದೇ ಸಾಕೆಂದು ತೀರ್ಮಾನಿಸಿದೆ.

ಅವ್ವ ಅಡ್ಡ ಬಂದಳು. ಅವಳ ಅವ್ವ, ಅಂದರೆ ನಮ್ಮ ಆಯಿ, ತೀರಿಕೊಂಡು ವರ್ಷ ಆಗುತ್ತಿತ್ತು. ವರ್ಷದ ಪೂಜೆಗೆ ಫೋಟೋ ಬೇಕು. ಕ್ಯಾಮೆರಾ ಕಂಡ ಕೂಡಲೇ ಆಯಿ ಸೆರಗು ಎಳೆದುಕೊಂಡು ಅದರ ತುದಿಯನ್ನು ಹಲ್ಲಲ್ಲಿ ಕಚ್ಚುವಾಕಿ. ಶಿರಹಟ್ಟಿಯ ನೆಂಟರ ಮದುವೆ ಫೋಟೋಗಳಲ್ಲೆಲ್ಲ ಆಕೆ ಬರೀ ಸೀರೆ ಮತ್ತು ಮೂಗು. ಮುಖ ಪೂರ್ತಿ ಕಾಣುವುದು ಆಧಾರ್ ಕಾರ್ಡಿನಲ್ಲಿ ಮಾತ್ರ.

“ಅದರಾಗ ನಮ್ಮವ್ವ ಪೊಲೀಸ್ರು ಹಿಡಕೊಂಡು ಬಂದಂಗ ಕಾಣಸ್ತಾಳ. ಅದಕ್ಕ ಹಾರ ಹಾಕಾಕ ನಾ ಒಲ್ಲೆ,” ಎಂದಳು ಅವ್ವ. “ಆ ಮುಖ ಗುರ್ತು ಹಿಡಿಯೋದನ್ನ ಹಾಕಿ ನೋಡು.”

“ಎಲ್ಲಾದರಾಗೂ ಸೆರಗು ಮುಚ್ಕೊಂಡಾಳ. ಇಲ್ಲದ ಮುಖ ಎಲ್ಲಿಂದ ತರತೈತವ್ವಾ? ಪುರಾವೆ ಏನೈತಿ?”

“ಬಂದ್ರು ನೋಡು ವಕೀಲರು! ನಿನಗ ಬಾಯಿ ಕೊಟ್ಟ ದೇವರು ಕೈ ಕೊಟ್ಟಿಲ್ಲೇನು? ಹಾಕು.”

ಹಾಕಿದೆ. ಕಾರ್ಡಿನ ಮುಖವನ್ನು ಸ್ಕ್ಯಾನ್ ಮಾಡಿ ಸೇರಿಸಿ, ಹೆಸರಿನ ಜಾಗದಲ್ಲಿ ‘ಆಯಿ’ ಎಂದು ಬರೆದೆ. ಕಂಪ್ಯೂಟರ್ ಮಧ್ಯಾಹ್ನವಿಡೀ ಹಿಟ್ಟಿನ ಗಿರಣಿಯಂತೆ ಗುಂಯ್‌ಗುಟ್ಟಿತು. ಸಂಜೆ ಚಹಾದ ಹೊತ್ತಿಗೆ ಆ ಹೆಸರಿನ ಕೆಳಗೆ ಇನ್ನೊಂದು ಚಿತ್ರ ಬಂದು ಕೂತಿತ್ತು.

ಲಕ್ಕುಂಡಿಯ ಬಾವಿಯದು. ಮನೆಯವರೆಲ್ಲ ಹೋಗಿದ್ದಾಗ, ಮೆಟ್ಟಿಲುಗಳ ಸಾಲು ಚಂದ ಕಂಡಿತೆಂದು ನಾನೇ ತೆಗೆದದ್ದು. ಮೇಲಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಯಾರೋ ಕೂತಿದ್ದಾರೆ. ದೊಡ್ಡದು ಮಾಡಿದೆ. ಆಯಿ! ಕ್ಯಾಮೆರಾ ತನ್ನ ಕಡೆಗಿಲ್ಲವೆಂದು ನಂಬಿ, ಸೆರಗು ಹೆಗಲಿಗೆ ಬಿಟ್ಟು, ಕೈಯಲ್ಲಿ ರೊಟ್ಟಿ ಹಿಡಿದು, ಬಾಯಿ ತುಂಬ ನಗುತ್ತಿದ್ದಳು.

ಕಣ್ಣಿಂದ ಕಣ್ಣಿಗೆ ಎಷ್ಟು ದೂರ, ಮೂಗು ಎಷ್ಟು ಉದ್ದ, ಎಲ್ಲ ಬರೀ ಲೆಕ್ಕ ಎಂದು ನನಗೆ ಗೊತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು. ಕಾರ್ಡಿನ ಆ ಬಿಗಿದ ಮುಖದಿಂದ ಈ ನಗುವಿನ ತನಕ ಅದು ಯಾವ ದಾರಿ ಹಿಡಿದು ಬಂತು? ಫೋಟೋ ತೆಗೆದ ನನಗೇ ಆಕೆ ಕಂಡಿರಲಿಲ್ಲ.

ಅವ್ವ ಒದ್ದೆ ಕೈ ಒರೆಸಿಕೊಂಡು ಪರದೆಯ ಹತ್ತಿರ ಬಂದಳು.

“ಮುಂದಿನ ಹಲ್ಲು ಬಿದ್ದಿತ್ತಲ್ಲಾ, ನನಗ ಮರ್ತೇ ಹೋಗಿತ್ತು. ಈ ಫೋಟೋಕ್ಕ ಕಟ್ಟು ಹಾಕಿಸು.”

“ಹಲ್ಲಿಲ್ಲದ್ದು, ರೊಟ್ಟಿ ಹಿಡಕೊಂಡಿದ್ದು ಪೂಜಿಗೆ ಇಡ್ತಾರೇನು? ಬಂದ ಮಂದಿ ನಕ್ಕಾರು.”

“ನಕ್ಕರ ನಗಲಿ,” ಎಂದಳು ಅವ್ವ. “ಆಕಿನೂ ನಗಾಕತ್ತಾಳಲ್ಲಾ.”