ಎಡಗಡೆ ಹಿಂದಿನ ಚಕ್ರದ ನಿಂಬೆಹಣ್ಣು

ಅತ್ತೆ, ಆ ಕಾರಿನ ಚಕ್ರ ಹಾಳು ಮಾಡಿದ್ದು ನಾನು. ನಿಮ್ಮ ನಿಂಬೆಹಣ್ಣಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು—

ನೀವು ಮೈಸೂರಿನಿಂದ ಪ್ಲಿಮತ್‌ನ ನಮ್ಮ ಮನೆಗೆ ಮೊದಲ ಸಲ ಬಂದಿದ್ದ ಚಳಿಗಾಲ ಅದು. ಹೊಸ ಕಾರು ಬಂದಿತ್ತು. ಸೀರೆಯ ಮೇಲೆ ನಿಮ್ಮ ಮಗನ ದಪ್ಪ ಜಾಕೆಟ್ ತೊಟ್ಟು, ಡ್ರೈವ್‌ವೇಯಲ್ಲಿ ನಡುಗುತ್ತಲೇ ಪೂಜೆ ಮಾಡಿದಿರಿ. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು "ಹ್ಞೂಂ, ಈಗ ಹತ್ಸು" ಎಂದಿರಿ. ನಾನು ಹತ್ತಿಸಿದೆ. ಎಷ್ಟು ಹಣ್ಣಿತ್ತೆಂದು ನಾನು ನೋಡಲೇ ಇಲ್ಲ.

ನನ್ನ ಕೆಲಸ ನಿಮಗೆ ಗೊತ್ತು— ಕಾರು ಜಾರಿ ತಿರುಗದಂತೆ ತಡೆಯುವ ಸಾಧನವನ್ನು ಪರೀಕ್ಷಿಸುವುದು. ವಾರವಿಡೀ ಅದನ್ನೇ ಮಾಡುವವಳಿಗೆ, ಕಾರು ನಿಜಕ್ಕೂ ತಿರುಗಿದರೆ ಹೇಗಿರುತ್ತದೆ ಎಂಬ ಕುತೂಹಲ— ಕುತೂಹಲವೇನು ಬಂತು, ಚಪಲ! ಮುಂದಿನ ಶನಿವಾರ ಮಧ್ಯಾಹ್ನ ಮೊಸರು ತರುತ್ತೇನೆಂದು ಹೊರಟವಳು ಆಫೀಸಿನ ಖಾಲಿ ಪಾರ್ಕಿಂಗ್ ಲಾಟಿಗೆ ಹೋದೆ. ಎಲ್ಲೆಲ್ಲೂ ಹಿಮ. ಆ ಸಾಧನದ ಬಟನ್ ಆಫ್ ಮಾಡಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಒತ್ತಿದೆ. ಕಾರು ಬುಗುರಿಯಂತೆ ಗಿರ್ರನೆ ಸುತ್ತಿತು. ಎಂಥ ಖುಷಿ ಅಂತೀರಿ! ಒಬ್ಬಳೇ ಕೂತು ಗಹಗಹಿಸಿ ನಕ್ಕೆ. ಇನ್ನೊಂದೇ ಸುತ್ತು ಎಂದುಕೊಂಡೆ— ಹಿಮದಡಿ ಹೂತಿದ್ದ ಕಾಂಕ್ರೀಟ್ ಕಟ್ಟೆಗೆ ಹಿಂದಿನ ಚಕ್ರ ಧಡ್ಡೆಂದು ಬಡಿಯಿತು.

ರಸ್ತೆಯಲ್ಲಿ ಐಸ್ ಇತ್ತು, ಜಾರಿತು ಎಂದು ಮನೆಯಲ್ಲಿ ಹೇಳಿದೆ. ಇವರು ಕಾರಿಗೊಂದು ಪ್ರದಕ್ಷಿಣೆ ಹಾಕಿ, "ಎಡಗಡೆ ಹಿಂದಿನ ವೀಲ್ ಬೆಂಡ್ ಆಗಿದೆ" ಎಂದರು. ಬಾಗಿಲಲ್ಲಿ ನಿಂತಿದ್ದ ನೀವು ತಲೆ ಮೇಲೆ ಕೈ ಹೊತ್ತಿರಿ.

"ಅಯ್ಯೋ, ಅದೇ ಚಕ್ರ ಕಣೇ! ಮನೇಲಿ ನಾಲ್ಕೇ ನಿಂಬೆಹಣ್ಣಿತ್ತು. ಒಂದನ್ನ ಚಿತ್ರಾನ್ನಕ್ಕೆ ಹಿಂಡ್ಬಿಟ್ಟೆ. ಆ ಚಕ್ರಕ್ಕೆ ಇಡ್ಲೇ ಇಲ್ಲ!"

ಆಗಲೇ ಬಾಯಿ ಬಿಡಬೇಕಿತ್ತು. ನಾನೇನು ಮಾಡಿದೆ? "ಹೋಗ್ಲಿ ಬಿಡಿ ಅತ್ತೆ, ಬೇಜಾರ್ ಮಾಡ್ಕೋಬೇಡಿ" ಎಂದೆ. ತಪ್ಪು ಮಾಡಿದವಳು ನಾನು— ಕ್ಷಮಿಸಿದವಳೂ ನಾನೇ! ಆ ಚಿತ್ರಾನ್ನವನ್ನು ಎರಡು ಸಲ ಬಡಿಸಿಕೊಂಡು ತಿಂದವಳೂ ನಾನೇ. ಸೊಸೆಯದು ದೊಡ್ಡ ಮನಸ್ಸು ಎಂದು ನೀವು ಫೋನಿನಲ್ಲಿ ಊರವರಿಗೆಲ್ಲ ಹೇಳುವಾಗ ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಬಿಡುತ್ತಿದ್ದೆ.

ಅಂದಿನಿಂದ ನೀವು ಯಾರ ಕಾರಿಗೂ ಪೂಜೆ ಮಾಡಿಲ್ಲ. ನಮ್ಮ ಬಡಾವಣೆಯ ಕನ್ನಡದವರು "ಆಂಟಿ, ನೀವೇ ಬರ್ಬೇಕು" ಎಂದು ಕರೆದಾಗಲೆಲ್ಲ ಮಂಡಿನೋವು ಎಂದಿರಿ. ಅಷ್ಟು ಇಷ್ಟಪಟ್ಟು ಮಾಡುತ್ತಿದ್ದಿರಿ, ಅತ್ತೆ. ಅದನ್ನು ನಾನು ಕಿತ್ತುಕೊಂಡೆ.

ಆದರೆ ನನ್ನ ಚಪಲ ಬಿಡಲಿಲ್ಲ ನೋಡಿ. ಆಮೇಲೆ ಹಿಮದಲ್ಲಿ ಕಾರು ಸುತ್ತಿಸುವುದನ್ನು ಸರಿಯಾಗಿ ಕಲಿತೆ, ಈಗ ಚಳಿಗಾಲದಲ್ಲಿ ಬೇರೆಯವರಿಗೂ ಕಲಿಸುತ್ತೇನೆ. ಜನರಿಲ್ಲದ, ಬೇಲಿ ಹಾಕಿದ ಮೈದಾನ. ತಲೆಗೆ ಹೆಲ್ಮೆಟ್, ಬಿಗಿದ ಬೆಲ್ಟ್, ಪಕ್ಕದ ಸೀಟಿನಲ್ಲಿ ನಾನು. ಎಲ್ಲಕ್ಕಿಂತ ಮೊದಲು, ಇಡೀ ಜಾಗವನ್ನು ನಡೆದು ನೋಡಬೇಕು. ನಿಮ್ಮ ಮೊಮ್ಮಗಳು ಸಿರಿಗೂ ಹಾಗೇ ಕಲಿಸಿದೆ. "ವೈ ವಾಕ್, ಅಮ್ಮಾ? ಇಟ್ಸ್ ಸೋ ಕೋಲ್ಡ್!" ಎಂದು ಗೊಣಗಿದಳು. ನಾನು ಒಂದು ದಿನ ಹಾಗೆ ನಡೆದು ನೋಡದೆಯೇ ಕಾರು ಸುತ್ತಿಸಿದೆ ಎಂದು ಅವಳಿಗೂ— ಹೇಳಲಿಲ್ಲ.

ಇವತ್ತು ಅವಳ ಮೊದಲ ಕಾರು ಬಂದಿದೆ. "ಅಜ್ಜಿ, ಪ್ಲೀಸ್, ಯು ಡು ದ ಪೂಜಾ" ಎಂದು ಅಂಗಲಾಚಿದಳು. ನೀವು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಬೇಡ ಪುಟ್ಟಿ, ನನ್ ಕೈಗುಣ ಸರಿಯಿಲ್ಲ" ಎಂದಿರಿ. ನಿಮ್ಮ ಕೈಗುಣ! ಅಲ್ಲಿಗೆ ನನ್ನ ಕೈಲಿ ತಡೆಯಲಾಗಲಿಲ್ಲ.

ಅದಕ್ಕೇ ಎಲ್ಲರನ್ನೂ ಹೊರಗೆ ಕಳಿಸಿ ನಿಮ್ಮ ಮುಂದೆ ಕೂತಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ನಿಮ್ಮ ಮಗನಿಗೂ ಸಿರಿಗೂ ಸಂಜೆಯೊಳಗೆ ನಾನೇ ಹೇಳುತ್ತೇನೆ. ಕ್ಷಮಿಸುವುದು ಬಿಡುವುದು ನಿಮಗೆ ಸೇರಿದ್ದು. ಈ ಸಲ ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ಸಿರಿ ಹೊರಗೆ ಕಾರಿನ ಹತ್ತಿರ ಕಾಯುತ್ತಿದ್ದಾಳೆ. ನಿಂಬೆಹಣ್ಣು ಒಂದು ಚೀಲ ತುಂಬ ತಂದಿದ್ದೇನೆ. ಚಿತ್ರಾನ್ನಕ್ಕೂ ಆಗುತ್ತದೆ. ಏಳಿ ಅತ್ತೆ, ನಿಮ್ಮ ಕೈಯಿಂದಲೇ ಇಡಿ— ಮೊದಲು ಎಡಗಡೆ ಹಿಂದಿನ ಚಕ್ರಕ್ಕೆ.